ಮುಳ್ಳಿನ ಪಾಲು

ಕಾಡಂಚಿನ ಸೀಗೆಹಳ್ಳದಲ್ಲಿ ಹದಿಮೂರು ಮನೆಗಳ ಒಂದು ಮೇದರ ಕೇರಿ ಇತ್ತು. ಕೇರಿಯ ಹಿಂದೆ ಹಳ್ಳ, ಹಳ್ಳದ ದಡದಲ್ಲಿ ಏಳು ಮೆಳೆ ಹೆಬ್ಬಿದಿರು. ಹೆಬ್ಬಿದಿರು ಎಂದರೆ ಮುಳ್ಳುಬಿದಿರು. ಮೇಲೆ ನೋಡಿದರೆ ತೆಂಗಿನ ಮರವನ್ನೂ ಮೀರಿ ಬಾಗಿದ ಉದ್ದನೆಯ ಬಿದಿರು ಗಳುಗಳು, ಗಾಳಿಗೆ ತೂಗುವ ಸಣ್ಣ ಸಣ್ಣ ಎಲೆಗಳು. ಕೆಳಗೆ ನೋಡಿದರೆ ಬೇರೆಯದೇ ಕಥೆ. ಬುಡದಿಂದ ಆಳೆತ್ತರದವರೆಗೆ ತಂತಿಯಂಥ ಕೊಂಬೆಗಳು ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ. ಗೆಣ್ಣು ಗೆಣ್ಣಿಗೂ ಎರಡು ಮೂರು ಬಾಗಿದ ಮುಳ್ಳು. ಮಳೆಗಾಲದಲ್ಲಿ ಕಳಲೆ ಮೂಡುವುದು ಈ ಮುಳ್ಳಿನ ಗೂಡಿನೊಳಗೇ. ಕಳಲೆ ಎಂದರೆ ಬಿದಿರಿನ ಎಳೆ ಮೊಳಕೆ. ದನಕ್ಕೂ ಕಾಡುಹಂದಿಗೂ ಅದೆಂದರೆ ಬಹಳ ಇಷ್ಟ, ಆದರೆ ಆ ಮುಳ್ಳಿಗೆ ಮೂತಿ ಒಡ್ಡಲು ಅವಕ್ಕೂ ಧೈರ್ಯವಿರಲಿಲ್ಲ.

ಕೇರಿಯ ಬದುಕೆಲ್ಲ ಆ ಏಳು ಮೆಳೆಯಿಂದಲೇ ನಡೆಯುತ್ತಿತ್ತು. ಮೂರು ವರ್ಷ ದಾಟಿದ ಗಳು ಕಡಿದು, ಸೀಳಿ, ದಬ್ಬೆ ತೆಗೆದು ಬುಟ್ಟಿ, ಮೊರ, ಜರಡಿ, ಕೋಳಿ ಪಂಜರ, ತೊಟ್ಟಿಲು ಹೆಣೆಯುತ್ತಿದ್ದರು. ದಪ್ಪನೆಯವು ಏಣಿಯಾಗುತ್ತಿದ್ದವು, ಚಪ್ಪರದ ಕಂಬವಾಗುತ್ತಿದ್ದವು, ಯಾರಾದರೂ ತೀರಿಕೊಂಡರೆ ಚಟ್ಟವೂ ಆಗುತ್ತಿದ್ದವು. ಮಳೆಗಾಲದಲ್ಲಿ ಅಷ್ಟಿಷ್ಟು ಕಳಲೆ ಮುರಿದು, ಹೆಚ್ಚಿ, ಮೂರು ದಿನ ನೀರು ಬದಲಾಯಿಸುತ್ತ ನೆನೆಸಿ ಸಾರು ಮಾಡುತ್ತಿದ್ದರು. ನೆನೆಸದೆ ತಿಂದವರಿಗೆ ಹೊಟ್ಟೆ ಕೆಡುವುದು ಖಂಡಿತ. ಕರು ಹಾಕಿದ ಹಸುವಿಗೆ ಕಸ, ಅಂದರೆ ಮಾಸು, ಬೀಳಲೆಂದು ಬಿದಿರೆಲೆ ತಿನ್ನಿಸುತ್ತಿದ್ದರು. ಗಳು ಸೀಳುವಾಗ ಗೆಣ್ಣಿನೊಳಗೆ ಬೆಳ್ಳನೆಯ ತವಕ್ಷೀರಿ ಸಿಕ್ಕರೆ ಮಕ್ಕಳ ಕೆಮ್ಮಿಗೆಂದು ಜೋಪಾನವಾಗಿ ಎತ್ತಿಡುತ್ತಿದ್ದರು. ಗೌರಿ ಹಬ್ಬ ಬಂತೆಂದರೆ ಬಾಗಿನದ ಮೊರಕ್ಕಾಗಿ ಸುತ್ತಲಿನ ಹತ್ತು ಊರಿನ ಹೆಂಗಸರು ಸೀಗೆಹಳ್ಳದ ದಾರಿ ಹಿಡಿಯುತ್ತಿದ್ದರು.

ಆ ಕೇರಿಯಲ್ಲಿ ಎಲ್ಲರಿಗಿಂತ ಕೈಚಳಕ ಇದ್ದವನು ಕೇತಪ್ಪ. ವಯಸ್ಸು ನಲವತ್ತರ ಆಸುಪಾಸು. ಅವನು ಹೆಣೆದ ಮೊರದಲ್ಲಿ ಕೇರಿದರೆ ರಾಗಿಯ ಹೊಟ್ಟು ಹಾರುತ್ತಿತ್ತೇ ಹೊರತು ಒಂದು ಕಾಳೂ ಹಾರುತ್ತಿರಲಿಲ್ಲ. ಇದು ಹತ್ತು ಊರಿಗೂ ಗೊತ್ತಿತ್ತು. ಕೇತಪ್ಪನಿಗಂತೂ ಇನ್ನೂ ಚೆನ್ನಾಗಿ ಗೊತ್ತಿತ್ತು. ಕೈ ಚುರುಕಾಗಿರುವವರಿಗೆ ಮಾತು ಕೇಳುವ ವ್ಯವಧಾನ ಕಡಿಮೆ. ಕೇತಪ್ಪನೂ ಹಾಗೆಯೇ.

ಅವನಿಗೆ ದಬ್ಬೆ ಹಿಡಿಯುವುದನ್ನು ಕಲಿಸಿದವಳು ಹೊನ್ನಮ್ಮ, ಅವನ ತಾಯಿಯ ಅಕ್ಕ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ಅವನನ್ನು ಸಾಕಿದವಳೂ ಅವಳೇ. ಈಗ ಅವಳಿಗೆ ಅರವತ್ತು. ಗಂಡ ಹೋಗಿ ಬಹಳ ವರ್ಷವಾಗಿತ್ತು, ಸ್ವಂತ ಮಕ್ಕಳಿರಲಿಲ್ಲ. ಕೇರಿಯ ಕೊನೆಯ ಗುಡಿಸಿಲಲ್ಲಿ ಒಬ್ಬಳೇ ಕೂತು ಬೀಸಣಿಗೆ ಹೆಣೆಯುತ್ತಿದ್ದಳು. ಕೇತಪ್ಪ ಅವಳನ್ನು ದೊಡ್ಡವ್ವ ಎಂದು ಕರೆಯುತ್ತಿದ್ದ.

ಒಂದು ವರ್ಷ ಸಂಕ್ರಾಂತಿ ಕಳೆದು ವಾರವೂ ಆಗಿರಲಿಲ್ಲ. ಏಳರಲ್ಲಿ ಐದು ಮೆಳೆಗಳ ಎಲೆ ಉದುರಿತು. ಬರಿದಾದ ಗಳುಗಳ ಗೆಣ್ಣು ಗೆಣ್ಣಿಗೂ ಹುಲ್ಲಿನ ತೆನೆಯಂಥ ಒಣಬಣ್ಣದ ಗೊಂಚಲು ಮೂಡಿತು. ಬಿದಿರು ಹೂ ಬಿಟ್ಟಿತ್ತು.

ಬಿದಿರು ಎಷ್ಟೇ ಎತ್ತರ ಬೆಳೆದರೂ ಜಾತಿಯಲ್ಲಿ ಹುಲ್ಲೇ. ಭತ್ತ ಒಂದು ಸಲ ತೆನೆ ಬಿಟ್ಟು ಒಣಗುವ ಹಾಗೆ ಅದೂ ಒಂದೇ ಸಲ ಹೂ ಬಿಟ್ಟು, ಅಕ್ಕಿ ಉದುರಿಸಿ, ಬುಡಸಮೇತ ಸತ್ತು ಹೋಗುತ್ತದೆ. ಭತ್ತಕ್ಕೆ ನಾಲ್ಕೈದು ತಿಂಗಳು ಸಾಕು. ಹೆಬ್ಬಿದಿರಿಗೆ ನಲವತ್ತೈದು ಐವತ್ತು ವರ್ಷ ಬೇಕು. ಹಾಗಾಗಿ ಕೇರಿಯಲ್ಲಿ ಹಿಂದಿನ ಹೂವನ್ನು ಕಂಡವರು ಇಬ್ಬರೇ ಉಳಿದಿದ್ದರು. ಒಬ್ಬ ಕೇರಿಯ ಯಜಮಾನ ಮುದ್ದಯ್ಯ, ಇನ್ನೊಬ್ಬಳು ಹೊನ್ನಮ್ಮ. ಆಗ ಇಬ್ಬರೂ ಹತ್ತು ಹನ್ನೆರಡರ ಮಕ್ಕಳು.

ಕೇರಿಗೆ ಒಂದು ಕಡೆ ದಿಗಿಲು, ಇನ್ನೊಂದು ಕಡೆ ಹಬ್ಬ. ಹೆಂಗಸರು ಮೆಳೆಯ ಸುತ್ತ ಮುಳ್ಳು ಸರಿಸಿ, ನೆಲ ಕೆತ್ತಿ, ಕಣದ ಹಾಗೆ ಸಗಣಿ ಸಾರಿಸಿದರು. ಬಿಸಿಲು ಏರಿದಂತೆ ಬಿದಿರಕ್ಕಿ ಉದುರತೊಡಗಿತು. ಗುಡಿಸಿದರು, ಕೇರಿದರು, ಕುಟ್ಟಿದರು. ಮನೆ ಮನೆಯಲ್ಲೂ ಬಿದಿರಕ್ಕಿಯ ಅನ್ನ, ಬಿದಿರಕ್ಕಿಯ ರೊಟ್ಟಿ, ಬಿದಿರಕ್ಕಿಯ ಪಾಯಸ. ತಿಂದು ಕೈ ತೊಳೆದ ಮೇಲೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಈ ಮೆಳೆಗಳು ಸತ್ತ ಮೇಲೆ ನಮ್ಮ ಗತಿ ಏನು?

ಕಡಿತದ ಹೊತ್ತಿಗೆ ಮೆಳೆಯನ್ನು ಪಾಲು ಹಾಕುವುದು ಆ ಕೇರಿಯ ಪದ್ಧತಿ. ಸತ್ತ ಮೆಳೆಯಾದರೆ ಗಳು ಲಡ್ಡಾಗಿ ಪುಡಿಯಾಗುವ ಮೊದಲೇ ಪಾಲಾಗಬೇಕು. ಹಿರಿಯರಿಂದ ಕಿರಿಯರವರೆಗೆ ಮನೆಗೊಬ್ಬರು ಎದ್ದು ನಿಂತು ತಮಗೆ ಬೇಕಾದ ಪಾಲನ್ನು ಬಾಯಿಬಿಟ್ಟು ಕೇಳಬೇಕು. ಕೇಳಿದ ಪಾಲಿಗೆ ಯಾರೂ ಇಲ್ಲ ಅನ್ನುವ ಹಾಗಿಲ್ಲ. ಕೇಳಿದವರು ಆಮೇಲೆ ಬೇಡ ಅನ್ನುವ ಹಾಗೂ ಇಲ್ಲ. ಕೊಟ್ಟ ಪಾಲನ್ನು ಬೇರೆಯವರು ಮುಟ್ಟುವ ಮಾತಂತೂ ಇಲ್ಲವೇ ಇಲ್ಲ.

ಮುದ್ದಯ್ಯ ಮೊದಲು ಎದ್ದು ಹತ್ತು ದಪ್ಪ ಗಳು ಕೇಳಿದ. ಎರಡನೆಯ ಸರದಿ ಹೊನ್ನಮ್ಮನದು.

"ನಂಗೆ ಮುಳ್ಳು ಕೊಡಿ," ಅಂದಳು.

"ಏನವ್ವಾ?" ಮುದ್ದಯ್ಯ ಕಿವಿ ಮುಂದೆ ಮಾಡಿದ.

"ಮುಳ್ಳು. ಐದು ಮೆಳೆ ಬುಡದ ಮುಳ್ಳೂ ನಂದೇ ಪಾಲು. ನಡೂ ಮೆಳೆ ಇದ್ದ ಜಾಗದಲ್ಲಿ ಗುಡ್ಡೆ ಆಕ್ಕೊಡಿ. ಅಷ್ಟು ಸಾಕು."

ಕೇರಿಯೆಲ್ಲ ಗೊಳ್ಳೆಂದು ನಕ್ಕಿತು. ಕೇತಪ್ಪನಿಗೆ ಮಾತ್ರ ನಗು ಬರಲಿಲ್ಲ, ನಾಚಿಕೆಯಾಯಿತು. ಸಾಕಿದವಳು ಹತ್ತು ಜನರೆದುರು ನಗೆಪಾಟಲಿಗೆ ಈಡಾದರೆ ಯಾರಿಗೆ ತಾನೇ ಸಹಿಸಲಾದೀತು?

"ದೊಡ್ಡವ್ವಾ, ನಿಂಗೇನ್ ಮಳ್ಳಾ? ಮುಳ್ ತಕ್ಕೊಂಡು ಏನ್ ಮಾಡೀಯೆ? ಗಳು ಕೇಳು, ನಾನು ಸೀಳ್ಕೊಡ್ತೀನಿ."

"ನಮ್ಮಪ್ಪ ಆವತ್ತು ಮುಳ್ಳೇ ಕೇಳಿದ್ದ ಕಣಪ್ಪ. ಅದ್ರ ಒಳಗೆ ತನ್ ಪಾಲಿನ ಅಕ್ಕಿ ಚೆಲ್ಲಿದ್ದ. ನಾನೂ ನನ್ ಪಾಲಿನ ಅಕ್ಕಿ ಕುಟ್ಟದೆ ಹಂಗೇ ಇಟ್ಟಿವ್ನಿ. ಚೆಲ್ತೀನಿ."

"ಅಕ್ಕಿಯಿಂದ ಗಳು ಬರೋಕೆ ಎಷ್ಟು ವರ್ಸ ಬೇಕು ಗೊತ್ತಾ?"

"ಎಂಟೋ ಹತ್ತೋ ಆಗಿತ್ತು."

"ಹತ್ತು ವರ್ಸ ಕೇರಿ ಏನ್ ಬಾಯಿಗೆ ಮಣ್ ಆಕ್ಕೊಂಡಿರ್ಬೇಕಾ?" ಕೇತಪ್ಪ ಕೇರಿಯ ಕಡೆ ತಿರುಗಿದ. "ಕೇಳ್ರಪ್ಪಾ. ಇನ್ನೂ ಎರಡು ಮೆಳೆ ಅಸ್ರಾಗವೆ. ಆ ಎರಡರ ಬುಡದಿಂದ ಗೆಡ್ಡೆ ಅಗೆದು ದಿಣ್ಣೆ ಮೇಲೆ ಹೊಸ ಮಣ್ಣಲ್ಲಿ ನೆಡಾಣ. ಈ ದಡ ಹಳೇದಾಯ್ತು, ಸತ್ವ ಹೋಯ್ತು, ಅದಕ್ಕೇ ಬಿದಿರು ಸಾಯ್ತಾ ಅದೆ. ಮೂರು ವರ್ಸಕ್ಕೆ ತೋಳಿನ ಗಾತ್ರದ ಗಳು ಕೊಡ್ತೀನಿ. ಇದು ನನ್ ಮಾತು."

ಗೆಡ್ಡೆ ನೆಡುವುದು ಹೊಸ ವಿದ್ಯೆಯೇನಲ್ಲ. ಗೆಡ್ಡೆಯಿಂದ ಬಂದ ಬಿದಿರು ಬೇಗ ಬರುತ್ತದೆ ಎಂದು ಎಲ್ಲ ಮೇದರಿಗೂ ಗೊತ್ತು. ಮೂರು ವರ್ಷ ಎಲ್ಲಿ, ಹತ್ತು ವರ್ಷ ಎಲ್ಲಿ? ಕೇರಿಯ ತಲೆಗಳೆಲ್ಲ ಕೇತಪ್ಪನ ಕಡೆಗೆ ಆಡಿದವು. ಮುದ್ದಯ್ಯ ಮಾತ್ರ ಹೊನ್ನಮ್ಮನನ್ನು ಕೇಳಿದ:

"ನಿಮ್ಮಪ್ಪ ಯಾಕವ್ವಾ ಗೆಡ್ಡೆ ನೆಡಲಿಲ್ಲ?"

ಹೊನ್ನಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ನಂಗೊತ್ತಿಲ್ಲ ಯಜಮಾನ್ರೆ. ಅವ್ನು ಮಾಡಿದ್ದು ನೋಡಿವ್ನಿ. ಯಾಕೆ ಅಂತ ಕೇಳಿಲ್ಲ. ಹತ್ತು ವರ್ಸದ ಹೆಣ್ಮಗ, ಏನ್ ಕೇಳಾಳು?"

ಕಾರಣ ಗೊತ್ತಿಲ್ಲದ ಮಾತಿಗೆ ಸಭೆಯಲ್ಲಿ ಬೆಲೆ ಎಲ್ಲಿ? ಹಸಿರಾಗಿದ್ದ ಎರಡು ಮೆಳೆಗಳ ಗೆಡ್ಡೆ ಕೇತಪ್ಪನ ಪಾಲಾಯಿತು. ಐದು ಮೆಳೆಗಳ ಮುಳ್ಳು ಹೊನ್ನಮ್ಮನ ಪಾಲಾಯಿತು. ಅವಳ ಪಕ್ಕದ ಮನೆಯ ಪುಟ್ಟಸಿದ್ದನ ನಾಲಗೆಗೆ ಮೂಳೆ ಇರಲಿಲ್ಲ.

"ಅಮ್ಮಣ್ಣೀ, ಮುಳ್ಳು ಫಲ ಬಿಟ್ಟಾಗ ನಂಗೂ ಒಂದ್ ಪಾಲು ಕೊಡವ್ವಾ," ಅಂದ. ಮತ್ತೊಮ್ಮೆ ನಗು.

"ಕೊಡ್ತೀನಿ ಬಿಡು," ಅಂದಳು ಹೊನ್ನಮ್ಮ.

ಮುಂಗಾರಿಗೆ ಕೇತಪ್ಪನ ಕೆಲಸ ಶುರುವಾಯಿತು. ಕೇರಿಯ ಗಂಡಸರೆಲ್ಲ ಸೇರಿ ಗೆಡ್ಡೆ ಅಗೆದರು. ಹೆಬ್ಬಿದಿರಿನ ಬುಡ ಅಗೆಯುವುದೆಂದರೆ ಮೈಯೆಲ್ಲ ಗೀರು. ದಿಣ್ಣೆಯ ಮೇಲೆ ಎಂಬತ್ತು ಗುಂಡಿ ತೆಗೆದು, ಗೊಬ್ಬರ ಹಾಕಿ, ಎಂಬತ್ತು ಗೆಡ್ಡೆ ನೆಟ್ಟರು. ಅರವತ್ತಕ್ಕೂ ಹೆಚ್ಚು ಚಿಗುರಿದವು. ಕೇತಪ್ಪ ದಿನಕ್ಕೆ ಎರಡು ಸಲ ದಿಣ್ಣೆ ಹತ್ತಿ ನೋಡಿ ಬರುತ್ತಿದ್ದ. ಬರುವಾಗ ಎದುರು ಸಿಕ್ಕವರಿಗೆಲ್ಲ ಯಾವ ಗೆಡ್ಡೆಯಲ್ಲಿ ಎಷ್ಟು ಚಿಗುರು ಎಂದು ಹೇಳಿಯೇ ಮುಂದೆ ಹೋಗುತ್ತಿದ್ದ.

ಹೊನ್ನಮ್ಮ ತನ್ನ ಅಕ್ಕಿಯನ್ನು ಮುಳ್ಳಿನ ಗುಡ್ಡೆಯೊಳಗೆ ಚೆಲ್ಲಿದಳು. ಮೂರು ಮೊರ ಅಕ್ಕಿ. ಒಂದು ಮೊರ ಇಲಿಗೆ, ಒಂದು ಮೊರ ಹಕ್ಕಿಗೆ, ಇನ್ನೊಂದು ಉಳಿದರೆ ನೆಲಕ್ಕೆ ಎಂದು ಅವಳ ಅಪ್ಪ ಅಂದಿದ್ದನಂತೆ. ಒಂದೆರಡು ಮಳೆ ಬಿದ್ದ ಮೇಲೆ ಗುಡ್ಡೆಯೊಳಗೆ ಹಸಿರು ಕಂಡಿತು. ನೋಡಿದವರು, ಅಕ್ಕಿಯನ್ನೆಲ್ಲ ಇಲಿ ತಿಂದವು, ಈಗ ಹುಲ್ಲು ಬೆಳೆದಿದೆ ಅಂದರು. ದಡದ ಮೇಲೆ ಬೇರೆ ಕಡೆಯೂ ಅಲ್ಲೊಂದು ಇಲ್ಲೊಂದು ಅಂಥದೇ ಹಸಿರು ಮೂಡಿತ್ತು. ಅದನ್ನು ಆಡು ದನಗಳು ಮೇಯ್ದು ನೆಲ ಸಮ ಮಾಡಿದವು. ಮುಳ್ಳಿನ ಗುಡ್ಡೆಯ ಹತ್ತಿರ ಬಂದ ಆಡು ಮೂತಿ ಉಜ್ಜಿಕೊಳ್ಳುತ್ತ ಹಿಂದಕ್ಕೆ ಹೋಗುತ್ತಿತ್ತು.

ಬೇಸಿಗೆ ಬಂತು. ಹೊನ್ನಮ್ಮ ಹಳ್ಳದಿಂದ ಕೊಡದಲ್ಲಿ ನೀರು ಹೊತ್ತು ತಂದು ಮುಳ್ಳಿನ ಮೇಲೆ ಸುರಿಯುತ್ತಿದ್ದಳು. ದಿನಕ್ಕೆ ಆರು ಕೊಡ. ಕೇರಿಗೆ ಇದಕ್ಕಿಂತ ದೊಡ್ಡ ತಮಾಷೆ ಬೇಕೇ? ಮುಳ್ಳಿಗೆ ನೀರು ಹಾಕುವ ಮುದುಕಿ ಎಂದು ಪಕ್ಕದೂರಿಗೂ ಸುದ್ದಿ ಹೋಯಿತು.

ಇದೇ ಬೇಸಿಗೆಯಲ್ಲಿ ಕೇತಪ್ಪ ಅವಳ ಗುಡಿಸಿಲಿಗೆ ಬಂದ. ದಿಣ್ಣೆಯ ಮೇಲೆ ಜಾಗ ಸಾಲುತ್ತಿರಲಿಲ್ಲ. ಉಳಿದಷ್ಟು ಗೆಡ್ಡೆಯನ್ನು ದಡದಲ್ಲೇ ನೀರಿನ ಆಸರೆಯಲ್ಲಿ ನೆಡೋಣ, ಮುಳ್ಳು ಸುಟ್ಟರೆ ಬೂದಿಯೂ ಗೊಬ್ಬರವಾಗುತ್ತದೆ ಎಂಬ ಲೆಕ್ಕಾಚಾರ ಅವನದು.

"ದೊಡ್ಡವ್ವಾ, ಆ ಮುಳ್ಳಿಗೆ ಬೆಂಕಿ ಇಡ್ತೀನಿ. ಜಾಗ ಬೇಕು."

"ಅದು ನನ್ ಪಾಲು ಕಣಪ್ಪ."

"ಪಾಲಂತೆ ಪಾಲು! ಊರೆಲ್ಲ ಆಡ್ಕೊಂಡು ನಗ್ತಾ ಅದೆ. ನನ್ ಮುಖ ನೋಡಾದ್ರೂ ಬಿಟ್ಕೊಡು."

"ನಿನ್ ಮುಖ ನೋಡಿದ್ರೆ ಜೀವ ಬೇಕಾದ್ರೂ ಕೊಟ್ಟೇನು. ಮುಳ್ಳು ಕೊಡಾಕಿಲ್ಲ."

ಕೇತಪ್ಪನಿಗೆ ರೇಗಿಹೋಯಿತು. ಆದರೆ ಪಾಲು ಪಾಲೇ. ಯಜಮಾನನ ಎದುರು ಕೊಟ್ಟ ಪಾಲಿಗೆ ಕೈ ಹಾಕಿದವನು ಆ ಕೇರಿಯಲ್ಲಿ ಬಾಳುವಂತಿರಲಿಲ್ಲ. ಹಲ್ಲು ಕಚ್ಚಿಕೊಂಡು ಎದ್ದುಹೋದ. ಅಂದಿನಿಂದ ದೊಡ್ಡವ್ವನ ಜೊತೆ ಮಾತು ಬಿಟ್ಟ. ಅವಳು ಎದುರು ಬಂದರೆ ದಾರಿ ಬದಲಿಸಿದ. ಅವಳಿಗೆ ಅದು ಎಷ್ಟು ನೋವಾಯಿತೋ ಯಾರಿಗೂ ತಿಳಿಯಲಿಲ್ಲ. ಕೊಡ ಹೊರುವುದನ್ನಂತೂ ಅವಳು ನಿಲ್ಲಿಸಲಿಲ್ಲ.

ಕೇರಿಯ ಬದುಕು ಆ ಎರಡು ವರ್ಷ ಹೇಗೋ ನಡೆಯಿತು. ಕಾಡಿನ ಹೆಬ್ಬಿದಿರೂ ಹೂ ಬಿಟ್ಟು ಒಣಗಿತ್ತು. ಪಾಲಿನ ಗಳುಗಳೂ ಮುಗಿದವು, ಹಸಿರಾಗಿದ್ದ ಎರಡು ಮೆಳೆಗಳಿಗೆ ಗೆಡ್ಡೆ ಉಳಿಯಲೆಂದು ಕತ್ತಿ ಹಾಕುವಂತಿರಲಿಲ್ಲ. ಈಚಲು ಗರಿಯ ಚಾಪೆ ಹೆಣೆದರು, ಲಂಟಾನದ ಕಡ್ಡಿ ಬೇಯಿಸಿ ಬುಟ್ಟಿ ಕಟ್ಟಿದರು. ಬುಟ್ಟಿಯೇನೋ ಆಯಿತು, ಆದರೆ ಲಂಟಾನದಲ್ಲಿ ಮೊರ ಹೆಣೆಯಲಾದೀತೇ? ಗೌರಿ ಹಬ್ಬಕ್ಕೆ ಬಂದ ಹೆಂಗಸರು ಬರಿಗೈಲಿ ಹಿಂದಿರುಗುವುದನ್ನು ಕೇತಪ್ಪ ತನ್ನ ಜಗಲಿಯಿಂದಲೇ ನೋಡಿದ. ಬಂದವರಿಗೆಲ್ಲ, "ಇನ್ನೊಂದು ವರ್ಸ ತಡೀರಿ ತಾಯಿ, ದಿಣ್ಣೆ ಮೇಲೆ ಬತ್ತಾ ಅದೆ," ಅಂದ. ಬರುತ್ತಲೂ ಇತ್ತು. ಎರಡನೆಯ ಮಳೆಗಾಲಕ್ಕೆ ಗೆಡ್ಡೆಗಳು ಹೆಬ್ಬೆರಳು ಗಾತ್ರದ ಕಳಲೆ ಬಿಟ್ಟು ಸೊಂಟದೆತ್ತರ ಬೆಳೆದು ನಿಂತಿದ್ದವು.

ಮರುವರ್ಷ ಸಂಕ್ರಾಂತಿ ಮುಗಿದ ಮೂರನೆಯ ಬೆಳಿಗ್ಗೆ ಕೇತಪ್ಪ ಹಳ್ಳಕ್ಕೆ ಮುಖ ತೊಳೆಯಲು ಹೋದ. ಹಸಿರಾಗಿ ಉಳಿದಿದ್ದ ಆ ಎರಡು ತಾಯಿ ಮೆಳೆಗಳೂ ಎಲೆ ಉದುರಿಸಿದ್ದವು. ಗೆಣ್ಣು ಗೆಣ್ಣಿಗೂ ಒಣಬಣ್ಣದ ಗೊಂಚಲು. ಅವನಿಗೆ ಅಯ್ಯೋ ಅನ್ನಿಸಲಿಲ್ಲ, ಬದಲಿಗೆ ಸಮಾಧಾನವೇ ಆಯಿತು. ಸದ್ಯ, ಸಮಯಕ್ಕೆ ಸರಿಯಾಗಿ ಗೆಡ್ಡೆ ತೆಗೆದೆನಲ್ಲ ಎಂದುಕೊಂಡು ದಿಣ್ಣೆ ಹತ್ತಿದ.

ದಿಣ್ಣೆಯ ಮೇಲೆ ಕಾಲಿಟ್ಟವನು ಅಲ್ಲೇ ನಿಂತ.

ಸೊಂಟದೆತ್ತರದ ಬಿದಿರುಗಳು ಎಲೆ ಉದುರಿಸಿಕೊಂಡು ನಿಂತಿದ್ದವು. ಒಂದೊಂದರ ಗೆಣ್ಣಿನಲ್ಲೂ ಅದೇ ಗೊಂಚಲು. ಮೊಣಕಾಲುದ್ದದ ಗಿಡ ಕೂಡ ತುದಿಯಲ್ಲಿ ಒಂದಿಷ್ಟು ಹೂ ಹೊತ್ತಿತ್ತು. ಕೇತಪ್ಪ ಸಾಲಿನಿಂದ ಸಾಲಿಗೆ ಓಡಿದ. ಒಂದಾದರೂ ಹಸಿರು ಉಳಿದಿದೆಯೇ ಎಂದು ಅರವತ್ತನ್ನೂ ನೋಡಿದ. ಒಂದೂ ಇರಲಿಲ್ಲ. ಎರಡು ವರ್ಷದ ಬೆವರು, ಹದಿಮೂರು ಮನೆಗಳಿಗೆ ಕೊಟ್ಟ ಮಾತು, ಎಲ್ಲವೂ ಅವನ ಕಣ್ಣೆದುರು ಒಣಗಿ ನಿಂತಿತ್ತು. ಕೇತಪ್ಪ ಗುಂಡಿಯ ಅಂಚಿನಲ್ಲಿ ಕೂತು ತಲೆ ಮೇಲೆ ಕೈ ಹೊತ್ತ.

ಸುದ್ದಿ ಕೇಳಿ ಕೇರಿ ದಿಣ್ಣೆ ಹತ್ತಿತು. ಯಾರೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಮೂರು ವರ್ಸ ಅಂದಿದ್ದಲ್ಲ ಕೇತಣ್ಣ," ಅಂದ ಪುಟ್ಟಸಿದ್ದ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ನಾನು ನಿನ್ ಮಾತು ನಂಬಿ ಕೂತೆ. ಇನ್ನು ಆಗಾಕಿಲ್ಲ. ಪೇಟೆಗೆ ಹೋಗಿ ಮೂಟೆ ಹೊತ್ತಾದ್ರೂ ಹೊಟ್ಟೆ ಹೊರೀತೀನಿ. ನನ್ ಮಕ್ಳಿಗೆ ಈ ಕೆಲ್ಸ ಬ್ಯಾಡ."

ಇನ್ನೆರಡು ಮನೆಯವರೂ ಅದೇ ಮಾತಾಡಿದರು. ಎರಡು ತಾಯಿ ಮೆಳೆಗಳ ಅಕ್ಕಿಯನ್ನಾದರೂ ಬಿತ್ತೋಣ ಎಂದ ಮುದ್ದಯ್ಯ. ಆದರೆ ಮೊದಲ ಸಲದ ಅಕ್ಕಿ ತಿಂದು ಇಲಿಗಳು ಎಷ್ಟು ಹೆಚ್ಚಿದ್ದವೆಂದರೆ, ಈ ಸಲ ಅವು ಅಕ್ಕಿಯನ್ನು ನೆಲ ಮುಟ್ಟಲು ಬಿಡಲಿಲ್ಲ. ದಿಣ್ಣೆಯ ಗಿಡಗಳಲ್ಲಿ ಬಂದದ್ದೆಲ್ಲ ಬರೀ ಜೊಳ್ಳು. ಇದಾಗಿ ಹದಿನೈದು ದಿನದಲ್ಲಿ ಪುಟ್ಟಸಿದ್ದ ಮನೆಯ ಪಾತ್ರೆಗಳನ್ನು ಗೋಣಿಗೆ ತುಂಬಿ ಬಾಯಿ ಹೊಲಿದ.

ಆ ಹೊಲಿದ ಗೋಣಿಯನ್ನು ಕಂಡ ದಿನ ಕೇತಪ್ಪನಿಗೆ ತಡೆಯಲಾಗಲಿಲ್ಲ. ಮಟಮಟ ಮಧ್ಯಾಹ್ನ ದೊಡ್ಡವ್ವನನ್ನು ಹುಡುಕಿಕೊಂಡು ಹೋದ. ಅವಳು ಮುಳ್ಳಿನ ಗುಡ್ಡೆಯ ಪಕ್ಕ ಕೊಡ ಇಳಿಸಿ ಸುಧಾರಿಸಿಕೊಳ್ಳುತ್ತಿದ್ದಳು. ಇವನನ್ನು ಕಂಡು ಸೆರಗಿನಿಂದ ಮುಖ ಒರೆಸಿಕೊಂಡಳು.

"ಬಂದ್ಯಾ? ನೀರು ಕುಡೀತೀಯಾ?"

ಮಾತು ಬಿಟ್ಟು ವರ್ಷವಾಗುತ್ತ ಬಂದಿತ್ತು. ಅವಳು ಕೇಳಿದ್ದು ಮಾತ್ರ ನಿನ್ನೆ ಸಂಜೆಯಷ್ಟೇ ಕಂಡವಳ ಹಾಗೆ. ಕೇತಪ್ಪ ಅವಳ ಪಕ್ಕದಲ್ಲೇ ಕುಕ್ಕರಿಸಿದ.

"ಎಲ್ಲಾ ಹೂ ಬಿಟ್ಬುಡ್ತು ದೊಡ್ಡವ್ವಾ. ಮೊಣಕಾಲುದ್ದ ಇರೋದೂ ಬಿಡ್ತು. ಹೊಸ ಮಣ್ಣು, ಹೊಸ ಜಾಗ, ಏನ್ ಕಮ್ಮಿ ಮಾಡಿದ್ದೆ ನಾನು?"

ಹೊನ್ನಮ್ಮ ದಿಣ್ಣೆಯ ಕಡೆ ನೋಡಿದಳು. ಆಮೇಲೆ ತನಗೆ ತಾನೇ ಹೇಳಿಕೊಳ್ಳುವವಳ ಹಾಗೆ ಅಂದಳು:

"ಓ... ಅದಕ್ಕೇ ಅಂತ ಕಾಣ್ತದೆ ನಮ್ಮಪ್ಪ ಗೆಡ್ಡೆ ಮುಟ್ಟಲಿಲ್ಲ. ಐವತ್ತು ವರ್ಸ ಆಯ್ತು, ಇವತ್ತು ಗೊತ್ತಾಯ್ತು ನೋಡು. ನೀನು ಜಾಗ ಹೊಸಾದು ಕೊಟ್ಟೆ ಕಣಪ್ಪ. ಗಿಡ ಹಳೇದೇ. ತಾಯಿ ಮೈಯಿಂದ ಮುರ್ಕೊಂಡು ಬಂದದ್ದಲ್ವಾ? ತಾಯಿಗೆ ಎಷ್ಟು ವಯಸ್ಸೋ ಅದಕ್ಕೂ ಅಷ್ಟೇ ವಯಸ್ಸು. ನೀನು ಕೂಸು ಅಂದ್ಕೊಂಡು ನೆಟ್ಟದ್ದು ಮುದುಕೀನ."

ಕೇತಪ್ಪ ನೆಲ ನೋಡಿದ.

"ಪುಟ್ಟಸಿದ್ದ ಹೊಂಟವ್ನೆ. ಇನ್ನೆರಡು ಮನೆಯೋರೂ ಹೊಂಟವ್ರೆ. ನನ್ನಿಂದ ಕೇರಿ ಒಡೀತು."

"ಬಾ ಇಲ್ಲಿ," ಅಂದಳು ಹೊನ್ನಮ್ಮ. ಉದ್ದನೆಯ ಕೋಲಿನಿಂದ ಒಣಮುಳ್ಳನ್ನು ಒಂದು ಕಡೆ ಸ್ವಲ್ಪ ಎತ್ತಿ ಹಿಡಿದಳು. ಒಳಗೆ ದಟ್ಟ ಹಸಿರು. "ಕೈ ಹಾಕಿ ನೋಡು."

"ಹುಲ್ಲು."

"ಕೈ ಹಾಕು ಅಂದೆ."

ಕೇತಪ್ಪ ಬಗ್ಗಿ ಹಸಿರಿನೊಳಗೆ ಕೈ ತೂರಿಸಿದ. ಮರುಕ್ಷಣವೇ ಹಾ ಎಂದು ಹಿಂದಕ್ಕೆಳೆದುಕೊಂಡ. ಹೆಬ್ಬೆರಳಿನ ಬುಡದಲ್ಲಿ ಒಂದು ಹನಿ ರಕ್ತ. ಒಣಮುಳ್ಳು ಗೀರಿದರೆ ಹೇಗಿರುತ್ತದೆ ಎಂದು ಮೇದರವನಿಗೆ ಗೊತ್ತಿಲ್ಲವೇ? ಇದು ಎಳೆಯ ಹಸಿಮುಳ್ಳು. ಅವನು ಮತ್ತೆ ಬಗ್ಗಿ ನೋಡಿದ. ಮೊಣಕಾಲೆತ್ತರದ ಕಡ್ಡಿಗಳು, ಸಣ್ಣ ಗೆಣ್ಣುಗಳು, ಗೆಣ್ಣಿನಲ್ಲಿ ಬಾಗಿದ ಪುಟ್ಟ ಮುಳ್ಳುಗಳು. ಹುಲ್ಲಿಗೆ ಇಂಥ ಮುಳ್ಳು ಎಲ್ಲಿಂದ ಬರಬೇಕು? ಇದು ಹೆಬ್ಬಿದಿರು. ಅಕ್ಕಿಯಿಂದ ಹುಟ್ಟಿದ, ಎರಡು ವರ್ಷವೂ ತುಂಬದ ನಿಜವಾದ ಕೂಸು. ಒಂದಲ್ಲ ಎರಡಲ್ಲ, ಗುಡ್ಡೆಯ ತುಂಬ ಇತ್ತು.

"ನಾನು ಬೆಂಕಿ ಇಡಾಕ್ ಬಂದಿದ್ದೆ," ಅಂದ ಕೇತಪ್ಪ. ಅವನ ಕಣ್ಣಲ್ಲಿ ನೀರು ಬಂದಿತ್ತು. ಮುಳ್ಳು ಚುಚ್ಚಿದ ನೋವಿಗೆ ಅಳುವ ವಯಸ್ಸೇನಲ್ಲ ಅವನದು.

"ನೀನು ಕೊಡು ಅಂದೆ, ನಾನು ಕೊಡಲಿಲ್ಲ. ಮುಗೀತಲ್ಲ. ಈಗ ಹೋಗು, ಕೇರಿಯೋರ್ನ ಕರ್ಕೊಂಡು ಬಾ. ಪುಟ್ಟಸಿದ್ದನ್ನ ಮೊದ್ಲು ಕರಿ."

ಕೇತಪ್ಪ ಕೇರಿಗೆ ಓಡಿದ. ಮನೆ ಮನೆಯ ಬಾಗಿಲಲ್ಲಿ ನಿಂತು, "ನಾನು ಮಾಡಿದ್ದು ತಪ್ಪಾಯ್ತು, ದೊಡ್ಡವ್ವ ಮಾಡಿದ್ದು ಸರಿ, ಬಂದು ನೋಡಿ," ಎಂದು ಕೂಗಿದ. ಇಂಥ ಮಾತು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು. ಅದನ್ನು ಕೇಳಲೆಂದೇ ಅರ್ಧ ಕೇರಿ ಹೊರಗೆ ಬಂತು.

ಎಲ್ಲರೂ ಬಂದು ಒಬ್ಬೊಬ್ಬರಾಗಿ ಕೈ ಹಾಕಿ, ಚುಚ್ಚಿಸಿಕೊಂಡು, ನಂಬಿದರು. ಮುದ್ದಯ್ಯ ಹೊನ್ನಮ್ಮನ ಕಡೆ ತಿರುಗಿ ಕೇಳಿದ:

"ಇದು ನಿನ್ ಪಾಲು ತಾಯಿ. ಏನ್ ಮಾಡೀಯೆ?"

"ಮಳೆ ಶುರುವಾದ ಮೇಲೆ ಮನೆಗೆ ಹತ್ತು ಸಸಿ. ದಡದುದ್ದಕ್ಕೂ ನೆಡಿ. ಒಂದ್ ಮಾತು. ಸಸಿ ತಕ್ಕೊಂಡೋರು ಸಸಿಗೊಂದು ಹೊರೆ ಮುಳ್ಳೂ ತಲೆ ಮೇಲೆ ಹೊತ್ಕೊಂಡು ಹೋಗ್ಬೇಕು. ಮುಳ್ಳು ಬ್ಯಾಡ ಅನ್ನೋರಿಗೆ ಸಸಿನೂ ಇಲ್ಲ." ಆಮೇಲೆ ಪುಟ್ಟಸಿದ್ದನ ಕಡೆ ನೋಡಿದಳು. "ಬಾರಪ್ಪಾ. ಮುಳ್ಳು ಫಲ ಬಿಟ್ಟಾಗ ಪಾಲು ಕೊಡು ಅಂದಿದ್ದೆ. ಮೊದ್ಲು ನಿಂಗೇ."

ಪುಟ್ಟಸಿದ್ದ ಮನೆಗೆ ಹೋಗಿ ಹೊಲಿದ ಗೋಣಿಯ ಬಾಯಿ ಬಿಚ್ಚಿದ. ಪಾತ್ರೆಗಳು ಒಲೆಯ ಪಕ್ಕಕ್ಕೆ ಹಿಂದಿರುಗಿದವು.

ಮುಂಗಾರು ಬಂದಾಗ ಹದಿಮೂರು ಮನೆಯವರೂ ತಲೆಯ ಮೇಲೆ ಮುಳ್ಳಿನ ಹೊರೆ ಹೊತ್ತು ದಡದುದ್ದಕ್ಕೂ ಸಾಲಾಗಿ ನಡೆದರು. ಪಕ್ಕದೂರಿನವರು ನಿಂತು ನೋಡಿ ನಕ್ಕರು. ಈ ಸಲ ಕೇರಿಯವರಿಗೆ ಅದರ ಚಿಂತೆ ಇರಲಿಲ್ಲ. ನೂರಮೂವತ್ತು ಸಸಿಗಳಿಗೆ ನೂರಮೂವತ್ತು ಮುಳ್ಳಿನ ಬೇಲಿ ಬಿತ್ತು. ಬೇಸಿಗೆಯಲ್ಲಿ ಕೊಡ ಹೊರುವವರು ಹದಿಮೂರು ಮನೆಯಲ್ಲೂ ಇದ್ದರು. ಕಾಯುವ ಕಾಲ ಸುಖದ್ದೇನೂ ಆಗಿರಲಿಲ್ಲ. ಲಂಟಾನದ ಬುಟ್ಟಿ, ಈಚಲು ಚಾಪೆ, ಕಂಡವರ ಹೊಲದ ಕೂಲಿ, ಹೀಗೆ ಕಷ್ಟಪಟ್ಟೇ ದಿನ ತಳ್ಳಿದರು. ಆದರೆ ಯಾರೂ ಕೇರಿ ಬಿಟ್ಟು ಹೋಗಲಿಲ್ಲ. ಪ್ರತಿ ಮಳೆಗಾಲಕ್ಕೂ ಹೊಸ ಕಳಲೆ ಹಿಂದಿನದಕ್ಕಿಂತ ಒಂದು ಸುತ್ತು ದಪ್ಪ, ಒಂದು ಆಳು ಎತ್ತರ ಬಂತು. ಬೇಲಿಯ ಒಣಮುಳ್ಳು ಮಣ್ಣಾಗುವ ಹೊತ್ತಿಗೆ ಮೆಳೆಗಳು ತಮ್ಮ ಮುಳ್ಳನ್ನು ತಾವೇ ಬೆಳೆಸಿಕೊಂಡಿದ್ದವು.

ಅಕ್ಕಿ ಚೆಲ್ಲಿದ ಹತ್ತನೆಯ ವರ್ಷ ಮೊದಲ ಕಡಿತ. ಆ ಹೊತ್ತಿಗೆ ಮುದ್ದಯ್ಯ ತೀರಿಕೊಂಡು ಕೇತಪ್ಪನೇ ಯಜಮಾನನಾಗಿದ್ದ. ಹೊನ್ನಮ್ಮನಿಗೆ ಎಪ್ಪತ್ತು. ಕಣ್ಣು ಮಂಜಾಗಿತ್ತು, ನಡು ಬಗ್ಗಿತ್ತು. ಅವಳನ್ನು ಕೈ ಹಿಡಿದು ಕರೆತಂದು ದಡದ ಕಲ್ಲಿನ ಮೇಲೆ ಕೂರಿಸಿದರು. ಮೊದಲ ಗಳು ಬಿದ್ದ ಸದ್ದು ಕೇಳಿ ಅವಳು ಕೈ ಚಾಚಿದಳು. ಕೇತಪ್ಪ ಗಳುವಿನ ಬುಡವನ್ನು ಅವಳ ಕೈಗೆ ತಾಗಿಸಿದ. ಹೊನ್ನಮ್ಮ ಗೆಣ್ಣಿನಿಂದ ಗೆಣ್ಣಿಗೆ ಗೇಣು ಹಾಕಿ ಅಳೆದು, "ಮೊರಕ್ಕೆ ಆಯ್ತದೆ," ಅಂದಳು.

ಆಮೇಲೆ ಪಾಲು ಕೇಳುವ ಹೊತ್ತು. ಹಿರಿಯಳಾದ ಹೊನ್ನಮ್ಮನದೇ ಮೊದಲ ಮಾತು.

"ನಂಗೆ ಒಂದ್ ಜೊತೆ ಮೊರ ಸಾಕು. ಗೌರಿ ಹಬ್ಬಕ್ಕೆ. ಕೇತಪ್ಪನೇ ಹೆಣೀಬೇಕು."

ಎಲ್ಲರೂ ಕೇತಪ್ಪನ ಮುಖ ನೋಡಿದರು. ಯಜಮಾನ, ಕೇರಿಗೇ ದೊಡ್ಡ ಕೈಚಳಕದವನು, ಎಲ್ಲಕ್ಕಿಂತ ನೀಟಾದ ಗಳು ಅವನೇ ಕೇಳಬೇಕು, ಅದೇ ನ್ಯಾಯ ಎಂದು ಎಲ್ಲರೂ ಅಂದುಕೊಂಡಿದ್ದರು. ಕೇತಪ್ಪ ಎದ್ದು ನಿಂತು, ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನಂಗೆ ಮುಳ್ಳು ಕೊಡಿ," ಅಂದ. "ಗಳು ಕಡಿದ ಕಡೆ ಬುಡ ಬಯಲಾಯ್ತದೆ, ಈ ವರ್ಸದ ಕಳಲೆಗೆ ಬೇಲಿ ಹಾಕ್ಬೇಕು."

ಯಾರೂ ನಗಲಿಲ್ಲ. ಪುಟ್ಟಸಿದ್ದನಂತೂ ಕತ್ತಿ ಹಿಡಿದು ಮುಳ್ಳು ಸವರಲು ಎಲ್ಲರಿಗಿಂತ ಮೊದಲು ಎದ್ದ.

ಈ ಕಥೆಯಿಂದ ನಾವು ಹೊತ್ತು ಹೋಗಬೇಕಾದ ನೀತಿ: ಮುಗಿಯುತ್ತ ಬಂದದ್ದರ ಒಂದು ತುಂಡನ್ನು ಮುರಿದು ತಂದು ಹೊಸ ಜಾಗದಲ್ಲಿ ನೆಟ್ಟರೆ ಅದು ಹೊಸದಾಗುವುದಿಲ್ಲ, ಅದರ ವಯಸ್ಸೂ ಅದರ ಜೊತೆಗೇ ಬರುತ್ತದೆ. ನಿಜವಾಗಿ ಹೊಸದು ಬೇಕೆನ್ನುವವರು ಬೀಜದಿಂದ ಶುರುಮಾಡಬೇಕು, ನಾಲ್ಕು ಜನರ ನಗೆಗೆ ಅಂಜದೆ ಅದನ್ನು ಕಾಯಬೇಕು. ಕಾಯಲು ನೆರವಾಗುವುದು ಕೈಗೆ ಚುಚ್ಚುವಂಥದಾದರೂ ಅದನ್ನು ಬೇಡ ಅನ್ನಬಾರದು.